ಇಲಿ ಮರೆತಾಗ ಅದರ ಮೆದುಳಿನಲ್ಲಿ ಏನು ನಡೆಯುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮರೆವಿನ ಕಾಯಿಲೆಯ ಇಲಿಗಳ ಜೊತೆ ನಾನು ಕೆಲವು ವರ್ಷ ಲ್ಯಾಬ್‌ನಲ್ಲಿ ಕೆಲಸ ಮಾಡಿದ್ದೇನೆ. ಅದು ಗೊತ್ತಾದವರೆಲ್ಲ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಕೇಳುವವರಲ್ಲಿ ಅರ್ಧ ಜನ ವಿದ್ಯಾರ್ಥಿಗಳು, ಇನ್ನರ್ಧ ಜನ ಮನೆಯಲ್ಲಿ ಅಪ್ಪನನ್ನೋ ಅಮ್ಮನನ್ನೋ ನೋಡಿಕೊಳ್ಳುತ್ತಿರುವವರು. ಇಬ್ಬರಿಗೂ ಆಗಲಿ ಅಂತ ಬರೆದಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಇಟ್ಟಿದ್ದೇನೆ.

## ಮೊದಲಿಂದ ಶುರು ಮಾಡೋಣ

ಇಲಿಗೂ ಅರಳು ಮರಳು ಬರುತ್ತಾ?

ವಯಸ್ಸಾದರೆ ಇಲಿಯೂ ಮಂಕಾಗುತ್ತದೆ. ಲ್ಯಾಬ್ ಇಲಿ ಬದುಕುವುದು ಎರಡರಿಂದ ಮೂರು ವರ್ಷ. ಎರಡು ವರ್ಷ ತುಂಬಿದ ಇಲಿಗೆ ಹೊಸ ದಾರಿ ಕಲಿಯುವುದಕ್ಕೆ ಜಾಸ್ತಿ ಹೊತ್ತು ಬೇಕು. ಆದರೆ ಆಲ್‌ಝೈಮರ್ ಕಾಯಿಲೆ ಅದಕ್ಕೆ ತಾನಾಗಿ ಬರುವುದಿಲ್ಲ.

1906ರಲ್ಲಿ ಅಲೋಯಿಸ್ ಆಲ್‌ಝೈಮರ್ ತೀರಿಹೋದ ಒಬ್ಬ ರೋಗಿಯ ಮೆದುಳಿನ ಬಗ್ಗೆ ಮಾತಾಡಿದಾಗ ಎರಡು ವಿಷಯ ಹೇಳಿದ್ದರು. ನರಕೋಶಗಳ ಹೊರಗೆ ಗಡ್ಡೆ ಗಡ್ಡೆಯಾಗಿ ಕೂತ ಕಸ, ಒಳಗೆ ಸಿಕ್ಕುಸಿಕ್ಕಾದ ಎಳೆಗಳು. ಹೊರಗಿನ ಕಸವನ್ನು ಪ್ಲಾಕ್ ಅಂತಾರೆ, ಅದು ಅಮಿಲಾಯ್ಡ್ ಬೀಟಾ ಅನ್ನೋ ಪ್ರೋಟೀನ್ ತುಣುಕಿನದ್ದು. ಒಳಗಿನ ಸಿಕ್ಕು ಟಾವ್ ಅನ್ನೋ ಪ್ರೋಟೀನಿನದ್ದು. ಇಲಿಯಲ್ಲೂ ಅಮಿಲಾಯ್ಡ್ ಇದೆ, ಆದರೆ ನಮ್ಮದಕ್ಕೂ ಅದಕ್ಕೂ ಮೂರು ಅಮೈನೋ ಆಮ್ಲಗಳ ವ್ಯತ್ಯಾಸ. ಅಷ್ಟಕ್ಕೇ ಅದು ನಮ್ಮಲ್ಲಿ ಆದಷ್ಟು ಸುಲಭವಾಗಿ ಗಟ್ಟಿಯಾಗುವುದಿಲ್ಲ.

ಹಾಗಾದ್ರೆ ಇಲಿಗೆ ಈ ಕಾಯಿಲೆ ಹೇಗೆ ಬರಿಸ್ತಾರೆ?

ಮನುಷ್ಯರ ಜೀನ್ ಅನ್ನು ಇಲಿಯ ಭ್ರೂಣಕ್ಕೆ ಸೇರಿಸುತ್ತಾರೆ. ಕೆಲವು ಕುಟುಂಬಗಳಲ್ಲಿ ಆಲ್‌ಝೈಮರ್ ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ, ನಲವತ್ತು ಐವತ್ತರ ವಯಸ್ಸಿಗೇ ಶುರುವಾಗುತ್ತದೆ. ಅಂಥವರ ಜೀನ್‌ನಲ್ಲಿರುವ ಮ್ಯುಟೇಶನ್‌ಗಳನ್ನೇ, ಅಂದರೆ ಜೀನ್‌ನಲ್ಲಾದ ಬದಲಾವಣೆಗಳನ್ನೇ, ಎತ್ತಿಕೊಂಡು ಇಲಿಗೆ ಹಾಕುತ್ತಾರೆ. 1995ರಲ್ಲಿ ಪ್ಲಾಕ್ ಕಟ್ಟುವ ಮೊದಲ ಒಳ್ಳೆಯ ಇಲಿ ಬಂತು, 1996ರಲ್ಲಿ ಪ್ಲಾಕ್ ಜೊತೆ ಮರೆವೂ ತೋರಿಸುವ ಇನ್ನೊಂದು ಬಂತು. 2003ರಲ್ಲಿ ಬಂದ 'ತ್ರೀ ಎಕ್ಸ್ ಟಿಜಿ' ಇಲಿಯಲ್ಲಿ ಅಮಿಲಾಯ್ಡ್, ಟಾವ್ ಎರಡೂ ಇವೆ. 2006ರ 'ಫೈವ್ ಎಕ್ಸ್ ಫ್ಯಾಡ್' ಇಲಿಯಲ್ಲಿ ಒಟ್ಟು ಐದು ಮ್ಯುಟೇಶನ್. ಇದರಲ್ಲಿ ಎರಡೇ ತಿಂಗಳಿಗೆ ಪ್ಲಾಕ್ ಶುರುವಾಗುತ್ತದೆ.

ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಇಂಥ ಒಂದೇ ಮ್ಯುಟೇಶನ್‌ನಿಂದ ಕಾಯಿಲೆ ಬರುವುದು ನೂರು ರೋಗಿಗಳಲ್ಲಿ ಒಬ್ಬರಿಗಿಂತ ಕಡಿಮೆ ಜನಕ್ಕೆ. ಮತ್ತು ಐದು ಮ್ಯುಟೇಶನ್ ಒಟ್ಟಿಗೆ ಇರುವ ಮನುಷ್ಯ ಎಲ್ಲೂ ಇಲ್ಲ. ಹಾಗಾಗಿ ಇದನ್ನು ಆಲ್‌ಝೈಮರ್ ಬಂದ ಇಲಿ ಅನ್ನೋದಕ್ಕಿಂತ, ಆ ಕಾಯಿಲೆಯ ಒಂದು ತುಂಡನ್ನು ಜೋರಾಗಿ ತೋರಿಸುವ ಇಲಿ ಅಂದುಕೊಳ್ಳಿ.

ಡಿಮೆನ್ಷಿಯಾ ಅಂದ್ರೆ ಆಲ್‌ಝೈಮರ್ ಒಂದೇನಾ? ಬೇರೆಯವಕ್ಕೂ ಇಲಿ ಇದೆಯಾ?

ಇದೆ. ಡಿಮೆನ್ಷಿಯಾ ಅನ್ನೋದು ನೆನಪು, ಯೋಚನೆ ಕೆಡಿಸುವ ಹಲವು ಕಾಯಿಲೆಗಳ ಒಟ್ಟು ಹೆಸರು, ಆಲ್‌ಝೈಮರ್ ಅದರಲ್ಲಿ ಒಂದು. ಕತ್ತಿನ ಎರಡು ರಕ್ತನಾಳಕ್ಕೂ ಸಣ್ಣ ತಂತಿ ಸುರುಳಿ ಹಾಕಿ ಮೆದುಳಿಗೆ ರಕ್ತ ಕಡಿಮೆ ಮಾಡಿದ ಇಲಿ, ರಕ್ತನಾಳದ ಡಿಮೆನ್ಷಿಯಾಕ್ಕೆ. ಆಲ್ಫಾ ಸಿನ್ಯೂಕ್ಲಿನ್ ಪ್ರೋಟೀನ್ ಜಾಸ್ತಿ ಮಾಡಿದ ಇಲಿ, ಲ್ಯೂಯಿ ಬಾಡಿ ಡಿಮೆನ್ಷಿಯಾಕ್ಕೆ. ಮುಂಭಾಗದ ಮೆದುಳಿನ ಡಿಮೆನ್ಷಿಯಾಕ್ಕೆ ಪ್ರೋಗ್ರಾನ್ಯುಲಿನ್ ಅನ್ನೋ ಪ್ರೋಟೀನ್ ಕಡಿಮೆ ಇರುವ ಇಲಿ, ಅದರಲ್ಲಿ ಮರೆವಿಗಿಂತ ಬೇರೆ ಇಲಿಗಳ ಜೊತೆ ಬೆರೆಯುವ ರೀತಿ ಮೊದಲು ಕೆಡುತ್ತದೆ. ಮುಂದೆ ನಾನು ಬರೆಯುವುದು ಹೆಚ್ಚಾಗಿ ಆಲ್‌ಝೈಮರ್ ಇಲಿಗಳ ಬಗ್ಗೆ.

## ನಡವಳಿಕೆ

ಮಾತಾಡದ ಪ್ರಾಣಿಗೆ ಮರೆವು ಬಂದಿದೆ ಅಂತ ಹೇಗೆ ಗೊತ್ತಾಗುತ್ತೆ?

ಅದು ಎಲ್ಲಿ ಹೋಗುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಯಾವುದನ್ನು ಮೂಸುತ್ತದೆ ಅಂತ ನೋಡುತ್ತೇವೆ. ತುಂಬಾ ಹೆಸರಾದದ್ದು ರಿಚರ್ಡ್ ಮಾರಿಸ್ 1981ರಲ್ಲಿ ಹೇಳಿದ ನೀರಿನ ಪರೀಕ್ಷೆ. ಒಂದು ದೊಡ್ಡ ದುಂಡು ತೊಟ್ಟಿ, ಅದರಲ್ಲಿ ಬಿಳಿ ಬಣ್ಣ ಕಲಸಿದ ನೀರು, ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಕಾಣದ ಹಾಗೆ ಒಂದು ಪುಟ್ಟ ಕಟ್ಟೆ. ಇಲಿಗೆ ಈಜು ಬರುತ್ತದೆ, ಆದರೆ ನೀರು ಇಷ್ಟವಿಲ್ಲ. ಮೊದಲ ದಿನ ಗೋಡೆ ಬದಿಯಲ್ಲೇ ಸುತ್ತು ಹಾಕುತ್ತದೆ. ಮೂರ್ನಾಲ್ಕು ದಿನಕ್ಕೆ ಗೋಡೆಯ ಮೇಲಿನ ಗುರುತುಗಳನ್ನು ನೋಡಿಕೊಂಡು ನೆಟ್ಟಗೆ ಕಟ್ಟೆಯ ಕಡೆ ಹೋಗಿ ಹತ್ತಿ, ಮುಂಗಾಲಿನಿಂದ ಮುಖ ಒರೆಸಿಕೊಳ್ಳುತ್ತಾ ಕೂರುತ್ತದೆ. ಕೊನೆಗೆ ಕಟ್ಟೆಯನ್ನೇ ತೆಗೆದುಬಿಡುತ್ತಾರೆ. ನೆನಪಿರುವ ಇಲಿ ಅದು ಇದ್ದ ಜಾಗದಲ್ಲೇ ಹುಡುಕುತ್ತಾ ಸುತ್ತುತ್ತದೆ. ನೆನಪಿಲ್ಲದ ಇಲಿ ತೊಟ್ಟಿಯ ತುಂಬಾ ಅಲೆಯುತ್ತದೆ.

ಇದಕ್ಕಿಂತ ಸೌಮ್ಯ ಪರೀಕ್ಷೆಗಳೂ ಇವೆ. ವೈ ಆಕಾರದ ಓಣಿಯಲ್ಲಿ ಬಿಟ್ಟರೆ ಆರೋಗ್ಯವಂತ ಇಲಿ ಈಗಷ್ಟೇ ಹೋಗಿ ಬಂದ ಓಣಿಗೆ ಹೋಗದೆ ಇನ್ನೊಂದಕ್ಕೆ ಹೋಗುತ್ತದೆ. ಎರಡು ಒಂದೇ ತರದ ವಸ್ತು ತೋರಿಸಿ, ಆಮೇಲೆ ಒಂದನ್ನು ಬದಲಾಯಿಸಿದರೆ ಹೊಸದನ್ನು ಜಾಸ್ತಿ ಮೂಸುತ್ತದೆ. ಎರಡನ್ನೂ ಒಂದೇ ಸಮ ಮೂಸಿದರೆ ಹಳೆಯದು ಅದಕ್ಕೆ ಹಳೆಯದು ಅನ್ನಿಸಿಲ್ಲ ಅಂತ.

ಕಟ್ಟೆ ಸಿಗಲಿಲ್ಲ ಅಂದ್ರೆ ಮರೆತಿದೆ ಅಂತಲೇ ಅರ್ಥನಾ?

ಅಲ್ಲ, ಮತ್ತು ಈ ಒಂದು ಪ್ರಶ್ನೆಯ ಮೇಲೆ ಎಷ್ಟೋ ಜನರ ವರ್ಷಗಟ್ಟಲೆ ಕೆಲಸ ನಿಂತಿದೆ. ಇಲಿಗೆ ಕಣ್ಣೇ ಕಾಣದಿದ್ದರೆ? ಲ್ಯಾಬ್‌ನಲ್ಲಿ ಬಳಸುವ ಕೆಲವು ತಳಿಗಳಲ್ಲಿ ಕಣ್ಣಿನ ಪರದೆ ಬೇಗ ಹಾಳುಮಾಡುವ ಜೀನ್ ಇರುತ್ತದೆ. ಆ ತಳಿ ಬೆರೆತ ಮರಿಗಳಲ್ಲಿ ಕೆಲವು ಕುರುಡಾಗಿರುತ್ತವೆ, ನೋಡುವುದಕ್ಕೆ ಗೊತ್ತೇ ಆಗುವುದಿಲ್ಲ. ಗೋಡೆಯ ಗುರುತು ಕಾಣದ ಇಲಿ ಕಟ್ಟೆ ಹುಡುಕಲಾರದು, ಅದಕ್ಕೂ ಮರೆವಿಗೂ ಸಂಬಂಧವಿಲ್ಲ. ಫೈವ್ ಎಕ್ಸ್ ಫ್ಯಾಡ್ ಇಲಿಗೆ ವಯಸ್ಸಾದಾಗ ಕೈಕಾಲಿನ ಬಲವೂ ಕಡಿಮೆಯಾಗುತ್ತದೆ, ನಿಧಾನ ಈಜುತ್ತದೆ. ಇನ್ನು ಕೆಲವು ಈಜುವುದನ್ನೇ ಬಿಟ್ಟು ಸುಮ್ನೆ ತೇಲುತ್ತವೆ.

ಅದಕ್ಕೇ ಒಳ್ಳೆಯ ಪ್ರಯೋಗದಲ್ಲಿ ಕಟ್ಟೆಯ ಮೇಲೆ ಬಾವುಟ ನೆಟ್ಟು, ಕಾಣುವ ಹಾಗೆ ಮಾಡಿಯೂ ಒಮ್ಮೆ ಬಿಡುತ್ತಾರೆ. ಬಾವುಟ ಕಂಡೂ ಹೋಗದ ಇಲಿಯನ್ನು ಮರೆವಿನ ಲೆಕ್ಕಕ್ಕೆ ಸೇರಿಸಬಾರದು. ಈ ಪರೀಕ್ಷೆ ಮಾಡದ ಪ್ರಬಂಧ ಕಂಡರೆ ನಾನು ಅಲ್ಲೇ ಅನುಮಾನ ಪಡುತ್ತೇನೆ.

ನೆನಪು ಬಿಟ್ಟು ಬೇರೆ ಏನು ಬದಲಾಗುತ್ತೆ?

ತುಂಬಾ ಬದಲಾಗುತ್ತದೆ. ನನ್ನ ಮನಸ್ಸಿಗೆ ಹೆಚ್ಚು ತಾಗಿದ್ದು ಗೂಡು. ಸಂಜೆ ಪಂಜರಕ್ಕೆ ಒತ್ತಿದ ಹತ್ತಿಯ ಒಂದು ಚೌಕ ಹಾಕುತ್ತೇವೆ, ಹೆಚ್ಚುಕಮ್ಮಿ ಐದು ಸೆಂಟಿಮೀಟರ್ ಅಗಲದ್ದು. ಬೆಳಿಗ್ಗೆ ಬಂದು ನೋಡಿದರೆ ಆರೋಗ್ಯವಂತ ಇಲಿ ಅದನ್ನು ಪೂರ್ತಿ ಎಳೆ ಎಳೆಯಾಗಿ ಕಿತ್ತು, ಸುತ್ತ ಗೋಡೆ ಎಬ್ಬಿಸಿ, ಬಟ್ಟಲಿನಂಥ ಗೂಡು ಮಾಡಿ ಒಳಗೆ ಮುದುಡಿ ಮಲಗಿರುತ್ತದೆ. ಕಾಯಿಲೆಯ ಇಲಿಯ ಪಂಜರದಲ್ಲಿ ಹತ್ತಿಯ ಚೌಕ ಒಂದು ಮೂಲೆ ಮಾತ್ರ ಕಚ್ಚಿದ ಹಾಗೆ ಬಿದ್ದಿರುತ್ತದೆ, ಪಕ್ಕದಲ್ಲಿ ಇಲಿ ಬರಿನೆಲದ ಮೇಲೆ. ಒಂದರಿಂದ ಐದರವರೆಗೆ ಅಂಕ ಕೊಟ್ಟು ಬರೆದುಕೊಳ್ಳುತ್ತೇವೆ. ಅಡುಗೆಮನೆಯಲ್ಲಿ ದಿನಾ ಮಾಡುತ್ತಿದ್ದ ಕೆಲಸವನ್ನು ಅರ್ಧಕ್ಕೆ ಬಿಟ್ಟು ನಿಂತ ತಾಯಿಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ವಿಚಿತ್ರ, ಭಯ ಕಡಿಮೆಯಾಗುವುದು. ಪ್ಲಸ್ ಆಕಾರದ ಎತ್ತರದ ಹಲಗೆಯಲ್ಲಿ ಎರಡು ಕೈಗಳಿಗೆ ಗೋಡೆ ಇರುತ್ತದೆ, ಎರಡಕ್ಕೆ ಇಲ್ಲ. ಸಾಮಾನ್ಯ ಇಲಿ ಗೋಡೆಯ ಆಸರೆ ಬಿಡುವುದಿಲ್ಲ. ಈ ಇಲಿಗಳಲ್ಲಿ ಹಲವು ತೆರೆದ ಕಡೆಗೇ ಹೋಗಿ ತುದಿಯಲ್ಲಿ ಇಣುಕುತ್ತವೆ. ಧೈರ್ಯ ಬಂತು ಅನ್ನೋದಕ್ಕಿಂತ ತಡೆ ಸಡಿಲವಾಯಿತು ಅನ್ನೋದು ಸರಿ. ಇವುಗಳ ಜೊತೆ ಅತಿ ಓಡಾಟ, ನಿದ್ದೆ ಕೆಡುವುದು. ಎಲ್ಲ ಮಾದರಿಯಲ್ಲೂ ಎಲ್ಲವೂ ಇರುವುದಿಲ್ಲ. ಫೈವ್ ಎಕ್ಸ್ ಫ್ಯಾಡ್‌ನಲ್ಲಿ, ತ್ರೀ ಎಕ್ಸ್‌ನಲ್ಲಿ ಹೆಣ್ಣು ಇಲಿಗಳಿಗೆ ಅಮಿಲಾಯ್ಡ್ ಜಾಸ್ತಿ.

ಒಂದು ಲ್ಯಾಬ್‌ನಲ್ಲಿ ಬಂದ ಫಲಿತಾಂಶ ಇನ್ನೊಂದು ಕಡೆ ಯಾಕೆ ಬರಲ್ಲ? ಯಾರೋ ಸುಳ್ಳು ಹೇಳ್ತಿದ್ದಾರಾ?

ಹೆಚ್ಚಿನ ಸಲ ಅಲ್ಲ. 1999ರಲ್ಲಿ ಮೂರು ಊರಿನ ಮೂರು ಲ್ಯಾಬ್‌ಗಳು ಒಂದೇ ತಳಿಯ ಇಲಿ, ಒಂದೇ ಉಪಕರಣ, ಒಂದೇ ಹೊತ್ತು ಇಟ್ಟುಕೊಂಡು ಪರೀಕ್ಷೆ ಮಾಡಿದವು. ಆದರೂ ಕೆಲವು ಪರೀಕ್ಷೆಗಳಲ್ಲಿ ಫಲಿತಾಂಶ ಬೇರೆ ಬೇರೆ ಬಂತು. 2014ರಲ್ಲಿ ಇನ್ನೊಂದು ತಂಡ, ಗಂಡಸರ ಮೈವಾಸನೆಗೇ ಇಲಿಗಳು ಒತ್ತಡಕ್ಕೆ ಒಳಗಾಗುತ್ತವೆ ಅಂತ ತೋರಿಸಿತು. ಇಲಿ ಎಚ್ಚರ ಇರುವುದು ರಾತ್ರಿ, ನಾವು ಪರೀಕ್ಷೆ ಮಾಡುವುದು ಹಗಲು. ಪರೀಕ್ಷೆಗೆ ಮುಂಚೆ ಕೆಲವು ದಿನ ಕೈಯಲ್ಲಿ ಹಿಡಿದು ಪಳಗಿಸಿದ್ದರೋ ಇಲ್ಲವೋ ಅನ್ನುವುದೂ ಫಲಿತಾಂಶ ಬದಲಿಸುತ್ತದೆ. ನಿಜವಾದ ಪರಿಣಾಮವಾದರೆ ಇಷ್ಟೆಲ್ಲ ಏರುಪೇರಿನ ನಡುವೆಯೂ ಕಾಣಿಸಬೇಕು.

## ಮೆದುಳಿನ ಚಟುವಟಿಕೆ

ಡಿಮೆನ್ಷಿಯಾದಲ್ಲಿ ಮೆದುಳು ಮಂದ ಆಗೋದು ಅಲ್ವಾ? ಅತಿ ಚುರುಕು ಆಗುತ್ತೆ ಅಂತ ಯಾಕೆ ಹೇಳ್ತೀರಿ?

ನಾವೆಲ್ಲ ಹಾಗೇ ಅಂದುಕೊಂಡಿದ್ದೆವು. ದೀಪಗಳು ಒಂದೊಂದಾಗಿ ಆರುತ್ತವೆ ಅಂತ. ಇಲಿಯ ಮೆದುಳಿನ ಒಳಗೆ ನೋಡಿದಾಗ ಚಿತ್ರ ಬೇರೆಯೇ ಇತ್ತು.

ನರಕೋಶ ಕೆಲಸ ಮಾಡುವಾಗ ಅದರೊಳಗೆ ಕ್ಯಾಲ್ಸಿಯಂ ಏರುತ್ತದೆ. ಕ್ಯಾಲ್ಸಿಯಂ ಏರಿದಾಗ ಹೊಳೆಯುವ ಬಣ್ಣ ಹಾಕಿ, ಬದುಕಿರುವ ಇಲಿಯ ಮೆದುಳನ್ನು ವಿಶೇಷ ಸೂಕ್ಷ್ಮದರ್ಶಕದಲ್ಲಿ ನೋಡಬಹುದು. 2008ರಲ್ಲಿ ಜರ್ಮನಿಯ ಒಂದು ತಂಡ ಹೀಗೆ ನೋಡಿದಾಗ ಪ್ಲಾಕ್ ಇರುವ ಇಲಿಗಳಲ್ಲಿ ಶೇ 29ರಷ್ಟು ನರಕೋಶಗಳು ಮಂಕಾಗಿದ್ದವು. ಅದು ನಿರೀಕ್ಷೆ ಇದ್ದದ್ದೇ. ಆದರೆ ಶೇ 21ರಷ್ಟು ನರಕೋಶಗಳು ಅತಿಯಾಗಿ ಮಿಡಿಯುತ್ತಿದ್ದವು, ಅವೆಲ್ಲವೂ ಪ್ಲಾಕ್‌ಗಳ ಹತ್ತಿರದಲ್ಲೇ ಇದ್ದವು. 2012ರಲ್ಲಿ ಅದೇ ಗುಂಪು ಹಿಪೊಕ್ಯಾಂಪಸ್ ನೋಡಿತು. ಹಿಪೊಕ್ಯಾಂಪಸ್ ಅಂದರೆ ಹೊಸ ನೆನಪು ಕಟ್ಟುವ ಜಾಗ. ಅಲ್ಲಿ ಪ್ಲಾಕ್ ಬರುವ ಮುಂಚೆಯೇ ಅತಿ ಮಿಡಿತ ಶುರುವಾಗಿತ್ತು. ಅಂದರೆ ಕಣ್ಣಿಗೆ ಕಾಣುವ ಕಸಕ್ಕಿಂತ ಮೊದಲೇ, ಇನ್ನೂ ಕರಗಿದ ಸ್ಥಿತಿಯಲ್ಲಿರುವ ಅಮಿಲಾಯ್ಡ್ ಕೆಲಸ ಕೆಡಿಸುತ್ತಿದೆ.

ಯಾಕೆ ಹೀಗೆ? ಒಂದು ನರಕೋಶ ಇನ್ನೊಂದಕ್ಕೆ ಗ್ಲುಟಮೇಟ್ ಅನ್ನೋ ರಾಸಾಯನಿಕ ಬಿಟ್ಟು 'ಏಳು' ಅನ್ನುತ್ತದೆ. ಹೇಳಿ ಮುಗಿದ ಮೇಲೆ ಅದನ್ನು ತಕ್ಷಣ ಒಳಗೆ ಎಳೆದುಕೊಳ್ಳಬೇಕು. 2019ರ ಕೆಲಸವೊಂದು ತೋರಿಸಿದ್ದು, ಅಮಿಲಾಯ್ಡ್ ಈ ಎಳೆದುಕೊಳ್ಳುವಿಕೆಗೆ ಅಡ್ಡ ಬರುತ್ತದೆ ಅಂತ. ಕೂಗು ನಿಲ್ಲುವುದೇ ಇಲ್ಲ. ಇದಕ್ಕೆ ಇನ್ನೊಂದು ಸೇರಿಸಿಕೊಳ್ಳಿ: ನರಕೋಶ ಹೆಚ್ಚು ಮಿಡಿದಷ್ಟೂ ಹೆಚ್ಚು ಅಮಿಲಾಯ್ಡ್ ಹೊರಬಿಡುತ್ತದೆ. ಅಮಿಲಾಯ್ಡ್‌ನಿಂದ ಗದ್ದಲ, ಗದ್ದಲದಿಂದ ಮತ್ತಷ್ಟು ಅಮಿಲಾಯ್ಡ್. ಸಂತೆಯ ಗದ್ದಲದಲ್ಲಿ ಪಿಸುಮಾತು ಹೇಗೆ ಕೇಳುವುದಿಲ್ಲವೋ ಹಾಗೆ ಹೊಸ ನೆನಪು ಕೂರುವುದಿಲ್ಲ.

ಹಾಗಾದ್ರೆ ಇಲಿಗೆ ಫಿಟ್ಸ್ ಬರುತ್ತಾ? ನಮ್ಮಮ್ಮನಿಗೂ ಬರಬಹುದಾ?

2007ರಲ್ಲಿ ಇದು ಗೊತ್ತಾಯಿತು. ಅಮಿಲಾಯ್ಡ್ ಜಾಸ್ತಿ ಇರುವ ಒಂದು ತಳಿಯ ಇಲಿಗಳಿಗೆ ಮೆದುಳಿನ ವಿದ್ಯುತ್ ಅಲೆ ಅಳೆಯುವ ಇಇಜಿ ತಂತಿ ಹಾಕಿ, ಜೊತೆಗೆ ವಿಡಿಯೋ ಇಟ್ಟು ನೋಡಿದರು. ಇಇಜಿಯಲ್ಲಿ ಫಿಟ್ಸ್‌ನ ಅಲೆ. ವಿಡಿಯೋದಲ್ಲಿ ಇಲಿ ಸುಮ್ನೆ ನಿಂತಿದೆ. ಕೈಕಾಲು ಸೆಳೆತ ಏನೂ ಇಲ್ಲ. ಅದಕ್ಕೇ ಅಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮನುಷ್ಯರಲ್ಲಿ? 2016ರಲ್ಲಿ 33 ಆಲ್‌ಝೈಮರ್ ರೋಗಿಗಳನ್ನು ರಾತ್ರಿಯಿಡೀ ಪರೀಕ್ಷಿಸಿದಾಗ 14 ಜನರಲ್ಲಿ ಹೊರಗೆ ಕಾಣದ ಫಿಟ್ಸ್ ತರದ ಚಟುವಟಿಕೆ ಸಿಕ್ಕಿತು. ಇನ್ನು ಔಷಧಿ. ಲೆವಿಟಿರಾಸೆಟಮ್ ಅನ್ನೋ ಹಳೆಯ ಫಿಟ್ಸ್ ಮಾತ್ರೆ ಕೊಟ್ಟಾಗ 2012ರಲ್ಲಿ ಇಲಿಗಳ ಮೆದುಳಿನ ಗದ್ದಲವೂ ತಗ್ಗಿತು, ನೆನಪಿನ ಪರೀಕ್ಷೆಯೂ ಸುಧಾರಿಸಿತು. 2021ರಲ್ಲಿ 34 ರೋಗಿಗಳ ಒಂದು ಸಣ್ಣ ಪರೀಕ್ಷೆ ಬಂತು. ಎಲ್ಲರನ್ನೂ ಒಟ್ಟಿಗೆ ತೆಗೆದುಕೊಂಡರೆ ಲಾಭ ಕಾಣಲಿಲ್ಲ. ಆದರೆ ಫಿಟ್ಸ್ ತರದ ಚಟುವಟಿಕೆ ಇದ್ದವರಲ್ಲಿ ಕೆಲವು ಪರೀಕ್ಷೆಗಳ ಅಂಕ ಸುಧಾರಿಸಿತು. ದಯವಿಟ್ಟು ಇದನ್ನು ಓದಿ ಮನೆಯಲ್ಲಿ ಮಾತ್ರೆ ಶುರು ಮಾಡಬೇಡಿ. ಅಮ್ಮ ಆಗಾಗ ಮಾತಿನ ಮಧ್ಯೆ ಶೂನ್ಯಕ್ಕೆ ನೋಡುತ್ತಾ ನಿಂತುಬಿಟ್ಟರೆ, ಒಂದೇ ದಿನದಲ್ಲಿ ಚೆನ್ನಾಗಿದ್ದು ಹಠಾತ್ ಗೊಂದಲಕ್ಕೆ ಬಿದ್ದರೆ, ಯಾವಾಗ ಎಷ್ಟು ಹೊತ್ತು ಅಂತ ಬರೆದಿಟ್ಟು, ಸಾಧ್ಯವಾದರೆ ಮೊಬೈಲ್‌ನಲ್ಲಿ ವಿಡಿಯೋ ಮಾಡಿ ನರರೋಗ ವೈದ್ಯರಿಗೆ ತೋರಿಸಿ. ಇಇಜಿ ಬೇಕಾ ಅಂತ ಕೇಳಿ.

40 ಹರ್ಟ್ಸ್ ಬೆಳಕು ಹಾಕಿದ್ರೆ ಆಲ್‌ಝೈಮರ್ ಹೋಗುತ್ತಂತೆ, ಹೌದಾ?

ಮೊದಲು ಅಲೆಗಳ ಬಗ್ಗೆ ಎರಡು ಮಾತು. ನರಕೋಶಗಳು ಒಟ್ಟಿಗೆ ತಾಳ ಹಾಕಿ ಮಿಡಿದಾಗ ಅಲೆ ಏಳುತ್ತದೆ. ಸೆಕೆಂಡಿಗೆ ಸುಮಾರು 30ರಿಂದ 100 ಸಲ ಏಳುವ ಅಲೆಗೆ ಗಾಮಾ ಅನ್ನುತ್ತಾರೆ. ತಾಳ ಹಿಡಿಯುವವರು ಪಾರ್ವಾಲ್ಬುಮಿನ್ ಅನ್ನೋ ಪ್ರೋಟೀನ್ ಇರುವ ಪುಟ್ಟ ನರಕೋಶಗಳು, ಅಕ್ಕಪಕ್ಕದವರನ್ನು ಸುಮ್ಮನಿರಿಸುವುದು ಇವುಗಳ ಕೆಲಸ. ಕಾಯಿಲೆಯ ಇಲಿಯಲ್ಲಿ ಇವು ಸೋಲುತ್ತವೆ. ಇವುಗಳಲ್ಲಿ ಸೋಡಿಯಂ ಒಳಬಿಡುವ ಒಂದು ಬಗೆಯ ಬಾಗಿಲು ಕಡಿಮೆಯಾಗಿರುವುದು 2012ರಲ್ಲಿ ಗೊತ್ತಾಯಿತು. ಆ ಬಾಗಿಲನ್ನು ಮತ್ತೆ ಹೆಚ್ಚಿಸಿದಾಗ ಗಾಮಾ ಮರಳಿತು, ನೆನಪೂ ಸುಧಾರಿಸಿತು.

2016ರಲ್ಲಿ ಅಮೆರಿಕದ ಎಂಐಟಿಯ ತಂಡ ಫೈವ್ ಎಕ್ಸ್ ಫ್ಯಾಡ್ ಇಲಿಗಳಿಗೆ ಸೆಕೆಂಡಿಗೆ 40 ಸಲ ಮಿನುಗುವ ಬೆಳಕು ತೋರಿಸಿ, ನೋಟದ ಭಾಗದಲ್ಲಿ ಅಮಿಲಾಯ್ಡ್ ಕಡಿಮೆಯಾಯಿತು ಅಂತ ಹೇಳಿತು. 2023ರಲ್ಲಿ ಇನ್ನೊಂದು ಲ್ಯಾಬ್ ಅದನ್ನೇ ಮಾಡಲು ಹೋದಾಗ ಅಮಿಲಾಯ್ಡ್ ಇಳಿಯಲಿಲ್ಲ. ಮಿನುಗು ಇಲಿಗಳಿಗೆ ಹಿಡಿಸಲೂ ಇಲ್ಲ. ಮನುಷ್ಯರ ಮೇಲೂ ಪರೀಕ್ಷೆಗಳು ನಡೆದಿವೆ. ಸದ್ಯಕ್ಕೆ ನನ್ನ ಅಭಿಪ್ರಾಯ: ತಾಳ ತಪ್ಪುತ್ತದೆ ಅನ್ನುವುದು ಗಟ್ಟಿ, ಹೊರಗಿನ ಬೆಳಕಿನಿಂದ ಅದನ್ನು ಸರಿ ಮಾಡಬಹುದು ಅನ್ನುವುದು ಇನ್ನೂ ಗಟ್ಟಿಯಾಗಿಲ್ಲ. ಆನ್‌ಲೈನ್‌ನಲ್ಲಿ ಮಾರುವ ದೀಪ ಕೊಳ್ಳಬೇಡಿ. ಮಿನುಗುವ ಬೆಳಕು ಕೆಲವರಿಗೆ ಫಿಟ್ಸ್ ತರಿಸುತ್ತದೆ.

ನಿದ್ದೆ ಕೆಟ್ಟು ಕಾಯಿಲೆ ಬರುತ್ತಾ, ಕಾಯಿಲೆ ಬಂದು ನಿದ್ದೆ ಕೆಡುತ್ತಾ?

ಇಲಿಯಲ್ಲಿ ಎರಡೂ. ಎಚ್ಚರ ಇರುವಾಗ ಮೆದುಳಿನ ದ್ರವದಲ್ಲಿ ಅಮಿಲಾಯ್ಡ್ ಏರುತ್ತದೆ, ಮಲಗಿದಾಗ ಇಳಿಯುತ್ತದೆ ಅಂತ 2009ರಲ್ಲಿ ತೋರಿಸಿದರು. ದಿನಗಟ್ಟಲೆ ನಿದ್ದೆಗೆಡಿಸಿದ ಇಲಿಗಳಲ್ಲಿ ಪ್ಲಾಕ್ ಜಾಸ್ತಿಯಾಯಿತು. 2012ರಲ್ಲಿ ಉಲ್ಟಾ ದಿಕ್ಕೂ ಸಿಕ್ಕಿತು: ಪ್ಲಾಕ್ ಶುರುವಾದ ಮೇಲೆ ಇಲಿಯ ನಿದ್ದೆ ಎಚ್ಚರದ ಚಕ್ರ ಕೆಡುತ್ತದೆ, ಅಮಿಲಾಯ್ಡ್ ತಗ್ಗಿಸಿದರೆ ಮತ್ತೆ ಸರಿಹೋಗುತ್ತದೆ.

## ಸ್ವಲ್ಪ ಆಳಕ್ಕೆ

ನೆನಪು ಅಳಿಸಿ ಹೋಗಿದೆಯಾ, ಇದ್ದೂ ಸಿಗ್ತಿಲ್ವಾ?

2016ರಲ್ಲಿ ಸುಸುಮು ತೊನೆಗಾವಾ ಅವರ ಲ್ಯಾಬ್‌ನಲ್ಲಿ ನಡೆದ ಒಂದು ಪ್ರಯೋಗ ನನಗೆ ಈಗಲೂ ಅಚ್ಚರಿ. ಇನ್ನೂ ಕಾಯಿಲೆಯ ಮೊದಲ ಹಂತದಲ್ಲಿದ್ದ ಇಲಿಗಳು. ಒಂದು ಪೆಟ್ಟಿಗೆಯಲ್ಲಿ ಕಾಲಿಗೆ ಸಣ್ಣ ಶಾಕ್ ಕೊಟ್ಟರೆ, ಆ ಪೆಟ್ಟಿಗೆ ನೋಡಿದಾಗ ಇಲಿ ಹೆದರಿ ಕಲ್ಲಿನಂತೆ ನಿಲ್ಲಬೇಕು. ಕಾಯಿಲೆಯ ಇಲಿಗಳು ಮರುದಿನ ಆರಾಮಾಗಿ ಓಡಾಡಿದವು, ಮರೆತಿದ್ದವು. ಆದರೆ ಶಾಕ್ ಕೊಟ್ಟಾಗ ಯಾವ ನರಕೋಶಗಳು ಕೆಲಸ ಮಾಡಿದ್ದವೋ ಅವಕ್ಕೆ ಬೆಳಕಿಗೆ ಸ್ಪಂದಿಸುವ ಪ್ರೋಟೀನ್ ಮೊದಲೇ ಅಂಟಿಸಿಟ್ಟಿದ್ದರು. ಅವುಗಳ ಮೇಲೆ ನೀಲಿ ಬೆಳಕು ಬಿಟ್ಟ ಕೂಡಲೇ ಇಲಿಗಳು ಹೆದರಿ ನಿಂತವು. ನೆನಪು ಒಳಗೇ ಇತ್ತು. ದಾರಿ ಮುಚ್ಚಿತ್ತು.

ಮನುಷ್ಯರ ಮೆದುಳಿಗೆ ಹೀಗೆ ಬೆಳಕು ಬಿಡಲಾಗದು. ಕಾಯಿಲೆ ಬಲಿತು ನರಕೋಶಗಳೇ ಸತ್ತ ಮೇಲೆ ಇದು ನಡೆಯದು ಕೂಡ.

ತಪ್ಪು ಅಮಿಲಾಯ್ಡ್‌ದಾ, ಟಾವ್‌ದಾ?

ಟಾವ್ ಮೇಲೆ ಒಂದು ಸುಂದರ ಪ್ರಯೋಗ 2005ರದ್ದು. ಕೆಟ್ಟ ಟಾವ್ ಜೀನ್ ಇರುವ ಇಲಿ, ಆ ಜೀನ್ ಅನ್ನು ಡಾಕ್ಸಿಸೈಕ್ಲಿನ್ ಅನ್ನೋ ಔಷಧಿ ಕೊಟ್ಟು ಆಫ್ ಮಾಡಬಹುದು. ಆಫ್ ಮಾಡಿದಾಗ ನೆನಪು ಸುಧಾರಿಸಿತು, ಆದರೆ ಸಿಕ್ಕುಗಳು ಮಾತ್ರ ಹೆಚ್ಚುತ್ತಲೇ ಹೋದವು. ಅಂದರೆ ಕಾಣುವ ಸಿಕ್ಕಿಗಿಂತ ಕಾಣದ ಕರಗಿದ ಟಾವ್ ಹೆಚ್ಚು ಹಾನಿ ಮಾಡುತ್ತದೆ. 2019ರಲ್ಲಿ ಎರಡನ್ನೂ ಒಂದೇ ಇಲಿಯಲ್ಲಿ ಇಟ್ಟು ನೋಡಿದರು. ಅಮಿಲಾಯ್ಡ್ ಒಂದೇ ಇದ್ದರೆ ಗದ್ದಲ. ಟಾವ್ ಸೇರಿದರೆ ಮೌನ, ಅದೇ ಮೇಲುಗೈ. ಬರೀ ಅಮಿಲಾಯ್ಡ್ ಇಳಿಸುವ ಔಷಧಿ ತಡವಾಗಿ ಕೊಟ್ಟರೆ ಯಾಕೆ ಸಾಲುವುದಿಲ್ಲ ಅನ್ನುವುದಕ್ಕೆ ಇದು ಒಂದು ಕಾರಣ ಇರಬಹುದು ಅಂತ ನನಗನ್ನಿಸುತ್ತದೆ.

ಇಲಿಗೆ ಗುಣವಾಗುವ ಔಷಧಿ ನಮಗೆ ಯಾಕೆ ಆಗಲ್ಲ?

2002ರಿಂದ 2012ರವರೆಗೆ ಪರೀಕ್ಷೆಗೆ ಬಂದ ಆಲ್‌ಝೈಮರ್ ಔಷಧಿಗಳಲ್ಲಿ ಶೇ 99.6 ಸೋತವು. ಇಲಿಯ ಮೆದುಳಿನಲ್ಲಿ ಸುಮಾರು 7 ಕೋಟಿ ನರಕೋಶ, ನಮ್ಮದರಲ್ಲಿ ಸುಮಾರು 8,600 ಕೋಟಿ. ಇಲಿಗೆ ಕಾಯಿಲೆ ತಿಂಗಳಲ್ಲಿ ಬರುತ್ತದೆ, ನಮಗೆ ಇಪ್ಪತ್ತು ವರ್ಷ ಒಳಗೊಳಗೇ ಬೆಳೆಯುತ್ತದೆ. ಔಷಧಿಯನ್ನು ಇಲಿಗೆ ಹೆಚ್ಚಾಗಿ ಎಳೆ ವಯಸ್ಸಿನಲ್ಲೇ ಕೊಡುತ್ತಾರೆ, ಮನುಷ್ಯನಿಗೆ ನರಕೋಶ ಸತ್ತ ಮೇಲೆ.

ಆದರೂ ಇಲಿ ದಾರಿ ತೋರಿಸಿಲ್ಲ ಅನ್ನಲಾಗದು. 1999ರಲ್ಲಿ ಅಮಿಲಾಯ್ಡ್ ಲಸಿಕೆ ಇಲಿಯಲ್ಲಿ ಪ್ಲಾಕ್ ತಡೆಯಿತು. ಮನುಷ್ಯರಿಗೆ ಕೊಟ್ಟಾಗ ನೂರರಲ್ಲಿ ಆರು ಜನಕ್ಕೆ ಮೆದುಳಿನ ಉರಿಯೂತ ಬಂದು 2002ರಲ್ಲಿ ನಿಲ್ಲಿಸಬೇಕಾಯಿತು. ಅದೇ ಯೋಚನೆ ಬೇರೆ ರೂಪದಲ್ಲಿ ಬಂದದ್ದು ಇಂದಿನ ಲೆಕಾನೆಮ್ಯಾಬ್ ಅನ್ನೋ ಔಷಧಿ, ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಒಪ್ಪಿಗೆ ಸಿಕ್ಕಿದ್ದು. 18 ತಿಂಗಳಲ್ಲಿ ಕುಸಿತದ ವೇಗವನ್ನು ಶೇ 27ರಷ್ಟು ತಗ್ಗಿಸಿತು. ಕಾಯಿಲೆ ಎಷ್ಟು ಬಲಿತಿದೆ ಅಂತ ನೋಡುವ 18 ಅಂಕದ ಅಳತೆಯಲ್ಲಿ ಇದು 0.45 ಅಂಕದ ವ್ಯತ್ಯಾಸ, ಮೆದುಳಿನಲ್ಲಿ ಊತ ಮತ್ತು ರಕ್ತ ಸೋರುವ ಅಪಾಯವೂ ಇದೆ. ಇಲಿಯಲ್ಲಿ ಕಂಡ ಗೆಲುವಿನ ಮುಂದೆ ಇದು ಚಿಕ್ಕದು.

2006ರ ಪ್ರಬಂಧ ಸುಳ್ಳು ಅಂತ ಸುದ್ದಿ ಬಂತಲ್ಲ, ಎಲ್ಲ ಸಂಶೋಧನೆಯೂ ಹೋಯ್ತಾ?

ಇಲ್ಲ. ಆ ಪ್ರಬಂಧ ಅಮಿಲಾಯ್ಡ್‌ನ ಒಂದು ನಿರ್ದಿಷ್ಟ ರೂಪ ಇಲಿಗಳಲ್ಲಿ ಮರೆವು ತರುತ್ತದೆ ಅಂದಿತ್ತು. ಚಿತ್ರಗಳನ್ನು ತಿದ್ದಿದ್ದು ಬಯಲಾಗಿ 2024ರಲ್ಲಿ ಅದನ್ನು ಹಿಂದಕ್ಕೆ ಪಡೆದರು. ತುಂಬಾ ಬೇಸರದ ವಿಷಯ, ಅದನ್ನು ನಂಬಿ ಕೆಲಸ ಮಾಡಿದವರ ವರ್ಷಗಳು ಹೋದವು. ಆದರೆ ಮೇಲೆ ನಾನು ಹೇಳಿದ ಅತಿ ಮಿಡಿತ, ಫಿಟ್ಸ್, ನಿದ್ದೆಯ ವಿಷಯ ಯಾವುದೂ ಅದರ ಮೇಲೆ ನಿಂತಿಲ್ಲ.

'ಮರೆವಿಗೆ ಮದ್ದು ಸಿಕ್ಕಿತು' ಅಂತ ಸುದ್ದಿ ಬಂದಾಗ ಏನು ನೋಡಬೇಕು?

'ಇಲಿಗಳಲ್ಲಿ' ಅನ್ನುವ ಪದ ಎಲ್ಲಿದೆ ಹುಡುಕಿ. ಪ್ರಬಂಧದ ಹೆಸರಿನಲ್ಲೇ ಇಲಿ ಅಂತ ಇಲ್ಲದಿದ್ದರೆ ಪತ್ರಿಕೆಯವರೂ ತಲೆಬರಹದಲ್ಲಿ ಬಿಟ್ಟುಬಿಡುತ್ತಾರೆ ಅಂತ 2021ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಆಮೇಲೆ ಔಷಧಿಯನ್ನು ಕಾಯಿಲೆ ಬರುವ ಮುಂಚೆ ಕೊಟ್ಟರೋ, ಬಂದ ಮೇಲೋ ನೋಡಿ. ಬರೀ ಪ್ಲಾಕ್ ಇಳಿಯಿತೋ, ಇಲಿಯ ನಡವಳಿಕೆಯೂ ಬದಲಾಯಿತೋ? ಪರೀಕ್ಷೆ ಮಾಡಿದವರಿಗೆ ಯಾವ ಇಲಿಗೆ ಔಷಧಿ ಕೊಟ್ಟಿದೆ ಅಂತ ಮೊದಲೇ ಗೊತ್ತಿತ್ತಾ? ಗಂಡು ಹೆಣ್ಣು ಎರಡನ್ನೂ ಬಳಸಿದರಾ? ಇನ್ನೊಂದು ಲ್ಯಾಬ್ ಅದನ್ನೇ ಮತ್ತೆ ಮಾಡಿ ನೋಡಿದೆಯಾ? ಕೊನೆಯ ಪ್ರಶ್ನೆಗೆ ಹೌದು ಅಂತ ಉತ್ತರ ಸಿಕ್ಕರೆ ನನಗೂ ಒಂದು ಸಾಲು ಬರೆದು ತಿಳಿಸಿ, ನಾನೂ ಓದುತ್ತೇನೆ.